ಕೆಲವು ನೂರು ರೂಪಾಯಿಯ ‘ಪೆನ್‌ಡ್ರೈವ್’ ಇದ್ದರೆ 4ಕೆ ಲೈವ್ ಸಾಧ್ಯವೇ? ಆ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಮದುವೆ ಸೀಸನ್ ಶುರುವಾದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಇಂಥದ್ದೊಂದು ಚಿತ್ರ ಓಡಾಡತೊಡಗುತ್ತದೆ. ಪೆನ್‌ಡ್ರೈವ್‌ನಷ್ಟೇ ದೊಡ್ಡ ಒಂದು ಕಪ್ಪು ಸಾಧನ. ಒಂದು ತುದಿಯಲ್ಲಿ ಎಚ್‌ಡಿಎಂಐ ಕಿಂಡಿ, ಇನ್ನೊಂದು ತುದಿಯಲ್ಲಿ ಯುಎಸ್‌ಬಿ. ಮೇಲೆ ದೊಡ್ಡದಾಗಿ ‘4ಕೆ’ ಎಂಬ ಅಚ್ಚು. ಜೊತೆಗಿನ ಬರಹದ ಸಾರ ಇಷ್ಟು: ಇದನ್ನು ಕ್ಯಾಮೆರಾ ಮತ್ತು ಲ್ಯಾಪ್‌ಟಾಪ್ ನಡುವೆ ಸಿಕ್ಕಿಸಿದರೆ ಟಿವಿ ಚಾನೆಲ್ ಗುಣಮಟ್ಟದ ನೇರಪ್ರಸಾರ ಸಿಗುತ್ತದೆ, ಸಾವಿರಾರು ರೂಪಾಯಿ ಕೇಳುವ ಸ್ಟುಡಿಯೊದವರು ನಿಮ್ಮನ್ನು ಸುಲಿಯುತ್ತಿದ್ದಾರೆ.

ಇದರಲ್ಲಿ ಅರ್ಧ ನಿಜ ಇದೆ. ಸಾಧನ ನಿಜವಾದದ್ದೇ, ಕೆಲಸವನ್ನೂ ಮಾಡುತ್ತದೆ. ಹೆಸರು ಕ್ಯಾಪ್ಚರ್ ಕಾರ್ಡ್. ಆದರೆ ಇದನ್ನು ನಂಬಿ ಒಬ್ಬ ಸಣ್ಣ ಊರಿನ ಸ್ಟುಡಿಯೊ ಹುಡುಗ ಮದುವೆ ಆರ್ಡರ್ ಒಪ್ಪಿಕೊಂಡ ಎಂದುಕೊಳ್ಳಿ. ಮುಹೂರ್ತದ ಹೊತ್ತಿಗೆ ಚಿತ್ರ ನಿಂತುಹೋದರೆ ಮಾಂಗಲ್ಯಧಾರಣೆಯನ್ನು ಇನ್ನೊಮ್ಮೆ ಮಾಡಿಸಲು ಆಗುವುದಿಲ್ಲ. ವೀಸಾ ಸಿಗದೆ ದೂರದ ದೇಶದಲ್ಲಿ ಕುಳಿತು ಅಪ್ಪನ ಅಂತ್ಯಸಂಸ್ಕಾರವನ್ನು ಮೊಬೈಲಿನಲ್ಲಿ ನೋಡುತ್ತಿರುವ ಮಗನಿಗಂತೂ ಆ ಇಪ್ಪತ್ತು ನಿಮಿಷಕ್ಕೆ ಬದಲಿ ಇಲ್ಲ. ಹಾಗಾಗಿ ಈ ಸಾಮಾನುಗಳು ಹೇಗೆ ಕೆಲಸ ಮಾಡುತ್ತವೆ, ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ ಎನ್ನುವುದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

ಪೆಟ್ಟಿಗೆಯ ಮೇಲಿನ ‘4ಕೆ’ ಯಾವುದು?

ಒಂದು ಚಿಕ್ಕ ಲೆಕ್ಕ ಮಾಡಿದರೆ ವಿಷಯ ಬಯಲಾಗುತ್ತದೆ. 4ಕೆ ಎಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿಗಳು. ಗುಣಿಸಿದರೆ ಒಂದು ಫ್ರೇಮಿಗೆ ಸುಮಾರು 83 ಲಕ್ಷ ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ 16 ಬಿಟ್ ಮಾಹಿತಿ, ಸೆಕೆಂಡಿಗೆ 30 ಫ್ರೇಮ್ ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 398 ಕೋಟಿ ಬಿಟ್ ಹರಿಯಬೇಕು.

ಆ ಅಗ್ಗದ ಕಾರ್ಡುಗಳಲ್ಲಿ ಹೆಚ್ಚಿನವು ಯುಎಸ್‌ಬಿ 2.0 ಸಾಧನಗಳು. ಯುಎಸ್‌ಬಿ 2.0 ಪೈಪಿನ ಗರಿಷ್ಠ ಸಾಮರ್ಥ್ಯ ಕಾಗದದ ಮೇಲೆ ಸೆಕೆಂಡಿಗೆ 48 ಕೋಟಿ ಬಿಟ್. ಅಂದರೆ ಬೇಕಾದುದರ ಎಂಟನೇ ಒಂದು ಭಾಗ. 4ಕೆ ಬಿಡಿ, ಸಾಮಾನ್ಯ ಫುಲ್ ಎಚ್‌ಡಿ, ಅಂದರೆ 1080ಪಿ ಚಿತ್ರ ಸೆಕೆಂಡಿಗೆ 30 ಫ್ರೇಮಿನಲ್ಲಿ ಹಾಗೆಯೇ ಹರಿಯಲು ಸುಮಾರು 99 ಕೋಟಿ ಬಿಟ್ ಬೇಕು. ಅದೂ ಈ ಪೈಪಿನಲ್ಲಿ ಹಿಡಿಯುವುದಿಲ್ಲ.

ಹಾಗಾದರೆ ಕಾರ್ಡ್ ಏನು ಮಾಡುತ್ತದೆ? ಕ್ಯಾಮೆರಾ ಕೊಡುವ 4ಕೆ ಸಿಗ್ನಲ್ಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಅದನ್ನು 1080ಪಿಗೆ ಇಳಿಸುತ್ತದೆ, ನಂತರ ಪ್ರತಿ ಫ್ರೇಮನ್ನೂ ಜೆಪೆಗ್ ಫೋಟೊ ಹಾಗೆ ಹಿಂಡಿ ಲ್ಯಾಪ್‌ಟಾಪ್‌ಗೆ ಕಳಿಸುತ್ತದೆ. ಪೆಟ್ಟಿಗೆಯ ಮೇಲಿನ ‘4ಕೆ’ ಒಳಬರುವ ಸಿಗ್ನಲ್ಲಿನ ಮಾತು. ಹೊರಗೆ ಹೋಗುವುದು 1080ಪಿ. ಅಂಗಡಿಯವರು ಪೂರ್ತಿ ಸುಳ್ಳು ಹೇಳಿಲ್ಲ, ಪೂರ್ತಿ ನಿಜವನ್ನೂ ಹೇಳಿಲ್ಲ.

ಹಿಂಡಿದ್ದರ ಪರಿಣಾಮ ಎಲ್ಲಿ ಕಾಣುತ್ತದೆ ಗೊತ್ತೇ? ರೇಷ್ಮೆ ಸೀರೆಯ ಜರಿ ಅಂಚಿನಲ್ಲಿ, ಮಲ್ಲಿಗೆ ದಂಡೆಯಲ್ಲಿ, ಸೆಮಿನಾರ್ ಪರದೆಯ ಸಣ್ಣ ಅಕ್ಷರಗಳಲ್ಲಿ. ವಾಟ್ಸಾಪ್‌ನಲ್ಲಿ ನಾಲ್ಕಾರು ಸಲ ಫಾರ್ವರ್ಡ್ ಆದ ಫೋಟೊ ಹೇಗೆ ಮಸಕಾಗುತ್ತದೋ ಆ ಜಾತಿಯ ಮಸಕು ಇದು.

ಹಾಗೆಂದು ಅದನ್ನು ಎಸೆಯಬೇಕಿಲ್ಲ

ಈ ಕಾರ್ಡುಗಳನ್ನು ಬೈಯುವುದು ಯೂಟ್ಯೂಬ್ ವಿಮರ್ಶಕರಲ್ಲಿ ಒಂದು ಫ್ಯಾಷನ್ ಆಗಿದೆ. ನನಗೆ ಅದು ಅಷ್ಟು ಸರಿ ಎನಿಸುವುದಿಲ್ಲ. ಗ್ರಾಮಸಭೆ, ಆನ್‌ಲೈನ್ ಕ್ಲಾಸು, ಊರ ಶಾಲೆಯ ವಾರ್ಷಿಕೋತ್ಸವ, ಇವಕ್ಕೆ 1080ಪಿ 30 ಫ್ರೇಮ್ ಧಾರಾಳ ಸಾಕು. ಯೂಟ್ಯೂಬ್ ಆಗಲಿ ಫೇಸ್‌ಬುಕ್ ಆಗಲಿ ಆ ವಿಡಿಯೊವನ್ನು ಮತ್ತೆ ಹಿಂಡಿಯೇ ವೀಕ್ಷಕರಿಗೆ ಕೊಡುತ್ತವೆ, ಅವರು ಅದನ್ನು ಅಂಗೈಯಗಲದ ಪರದೆಯಲ್ಲಿ ನೋಡುತ್ತಾರೆ. ಕಲಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಆದರೆ ಹಣ ಪಡೆದು ಮಾಡುವ ಕೆಲಸಕ್ಕೆ ಬೇಕಾಗುವುದು ಬೇರೆ ಗುಣ. ಐದಾರು ಗಂಟೆ ಬಿಸಿಯಾಗದೆ, ತಡವರಿಸದೆ, ದನಿ ಚಿತ್ರದಿಂದ ಜಾರದೆ ಓಡಬೇಕು. ಯುಎಸ್‌ಬಿ 3.0 ಕಾರ್ಡುಗಳಿಗೆ ಸೆಕೆಂಡಿಗೆ 500 ಕೋಟಿ ಬಿಟ್‌ನ ಪೈಪು ಇರುವುದರಿಂದ 1080ಪಿ ಚಿತ್ರವನ್ನು 60 ಫ್ರೇಮಿನಲ್ಲೂ ಹಿಂಡದೆ ಕಳಿಸಬಲ್ಲವು. ಎರಡು ಮೂರು ಕ್ಯಾಮೆರಾ ಇದ್ದರೆ ಕಾರ್ಡಿನ ಬದಲು ಸಣ್ಣ ವಿಡಿಯೊ ಸ್ವಿಚರ್ ಕೊಳ್ಳುವುದೇ ಲಾಭ. ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ಆಟೆಮ್ ಮಿನಿ 2019ರಲ್ಲಿ ಬಂದ ಮೇಲೆ ನಾಲ್ಕು ಕ್ಯಾಮೆರಾ ಜೋಡಿಸಿ, ಗುಂಡಿ ಒತ್ತಿ ದೃಶ್ಯ ಬದಲಿಸುವುದು ಚಿಕ್ಕ ಸ್ಟುಡಿಯೊಗಳ ಕೈಗೂ ಎಟುಕಿತು. ಅದರ ಮುಂದಿನ ಮಾದರಿಯಾದ ಆಟೆಮ್ ಮಿನಿ ಪ್ರೊ ಲ್ಯಾಪ್‌ಟಾಪ್ ನೆಚ್ಚಿಕೊಳ್ಳದೆ ನೇರ ಇಂಟರ್‌ನೆಟ್ ಕೇಬಲ್‌ನಿಂದಲೇ ಸ್ಟ್ರೀಮ್ ಮಾಡುತ್ತದೆ, ಜೊತೆಗೆ ಡಿಸ್ಕ್‌ಗೆ ರೆಕಾರ್ಡ್ ಕೂಡ ಮಾಡುತ್ತದೆ. ತಮಾಷೆ ಎಂದರೆ ಇದು 4ಕೆ ಅಲ್ಲ, 1080ಪಿ. ಕ್ಯಾಮೆರಾದ ಎಚ್‌ಡಿಎಂಐ ಔಟ್‌ಪುಟ್ ಅನ್ನು 4ಕೆಯಲ್ಲೇ ಬಿಟ್ಟರೆ ಇದರಲ್ಲಿ ಚಿತ್ರವೇ ಬರುವುದಿಲ್ಲ. ವೃತ್ತಿಯವರು ನೆಚ್ಚುವ ಪೆಟ್ಟಿಗೆಯೇ 1080ಪಿ ಆಗಿರುವಾಗ ‘4ಕೆ ಲೈವ್’ ಎಂಬ ಜಾಹೀರಾತಿಗೆ ಎಷ್ಟು ಬೆಲೆ ಕೊಡಬೇಕೆಂದು ನೀವೇ ಯೋಚಿಸಿ.

ನಿಮ್ಮ ಹತ್ತಿರ ಇರುವ ಕಾರ್ಡ್ ಯಾವ ಜಾತಿಯದು ಎಂದು ತಿಳಿಯಲು ಬಣ್ಣ ನೋಡಬೇಡಿ. ಯುಎಸ್‌ಬಿ 3.0 ಎಂದು ಸೂಚಿಸುವ ನೀಲಿ ಪ್ಲಾಸ್ಟಿಕ್ ತುಂಡನ್ನು ಯುಎಸ್‌ಬಿ 2.0 ಸಾಧನಕ್ಕೂ ಹಾಕಿ ಮಾರುತ್ತಾರೆ. ಪ್ಲಗ್ಗಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಮುಂದೆ ನಾಲ್ಕು ಲೋಹದ ಪಟ್ಟಿಗಳು ಮಾತ್ರ ಕಂಡರೆ 2.0. ಹಿಂದೆ ಇನ್ನೂ ಐದು ಕಂಡರೆ 3.0 ಇರಬಹುದು. ಗಟ್ಟಿ ಪರೀಕ್ಷೆ ಬೇಕಿದ್ದರೆ ಓಬಿಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಕಾರ್ಡನ್ನು ತೆರೆದು, 1080ಪಿ ಆರಿಸಿ, ಯಾವ ವಿಡಿಯೊ ಫಾರ್ಮ್ಯಾಟುಗಳಿವೆ ನೋಡಿ. 30 ಫ್ರೇಮಿಗೆ ಎಂಜೆಪೆಗ್ ಒಂದೇ ಇದ್ದು, ಬೇರೆ ಫಾರ್ಮ್ಯಾಟ್ ಆರಿಸಿದ ಕೂಡಲೇ ಫ್ರೇಮ್ ಸಂಖ್ಯೆ 5ಕ್ಕೆ ಕುಸಿದರೆ, ಪೆಟ್ಟಿಗೆ ಏನೇ ಹೇಳಲಿ, ಅದು ಯುಎಸ್‌ಬಿ 2.0.

ಸೆಟ್‌ಟಾಪ್ ಬಾಕ್ಸ್ ಜೋಡಿಸಿದಾಗ ಪರದೆ ಕಪ್ಪಾದರೆ ಕಾರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಎಚ್‌ಡಿಸಿಪಿ ಎಂಬ ನಕಲು ತಡೆ. ಅದನ್ನು ಮುರಿದು ಕ್ರಿಕೆಟ್ ಪಂದ್ಯವನ್ನು ನಿಮ್ಮ ಚಾನೆಲ್‌ನಲ್ಲಿ ಹಾಕುವ ‘ಟ್ರಿಕ್’ ಫಾರ್ವರ್ಡ್‌ಗಳೂ ಬರುತ್ತವೆ. ಹಕ್ಕುಸ್ವಾಮ್ಯ ಉಲ್ಲಂಘಿಸಲು ಇಂಥ ತಡೆಯನ್ನು ಮುರಿದರೆ ಕಾಯ್ದೆಯ 65ಎ ಕಲಮಿನಡಿ ಎರಡು ವರ್ಷದವರೆಗೆ ಜೈಲು ಆಗಬಹುದು.

ಕ್ಯಾಮೆರಾ 30 ನಿಮಿಷಕ್ಕೆ ನಿಲ್ಲುವುದು ಬಿಸಿಯಾಗಿ ಮಾತ್ರವೇ?

ಡಿಎಸ್‌ಎಲ್‌ಆರ್ ಕ್ಯಾಮೆರಾ 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸುವುದನ್ನು ನೋಡಿ ‘ಸೆನ್ಸರ್ ಸುಡುತ್ತದೆ, ಅದಕ್ಕೇ’ ಎನ್ನುವವರಿದ್ದಾರೆ. ಅಷ್ಟು ಕರಾರುವಾಕ್ಕಾಗಿ ಎಲ್ಲ ಕ್ಯಾಮೆರಾಗಳೂ ಒಂದೇ ಸೆಕೆಂಡಿಗೆ ಬಿಸಿಯಾಗುತ್ತವೆಯೇ? ಕಾರಣ ಸುಂಕದ್ದು. 30 ನಿಮಿಷ ಅಥವಾ ಹೆಚ್ಚು ಹೊತ್ತು ಸತತ ರೆಕಾರ್ಡ್ ಮಾಡುವ ಕ್ಯಾಮೆರಾವನ್ನು ಐರೋಪ್ಯ ಒಕ್ಕೂಟ ‘ವಿಡಿಯೊ ಕ್ಯಾಮೆರಾ’ ಎಂದು ಎಣಿಸಿ ಹೆಚ್ಚು ಆಮದು ಸುಂಕ ಹಾಕುತ್ತಿತ್ತು. ಅದನ್ನು ತಪ್ಪಿಸಲು ಕಂಪನಿಗಳು ಒಂದು ಸೆಕೆಂಡ್ ಮೊದಲೇ ಕತ್ತರಿ ಹಾಕಿದವು. ಆ ಸುಂಕ ಹೋದ ಮೇಲೆ ಬಂದ ಅನೇಕ ಮಾದರಿಗಳಲ್ಲಿ ಈ ಮಿತಿ ಇಲ್ಲ. ಬಿಸಿಯಾಗಿ ನಿಲ್ಲುವ ಕ್ಯಾಮೆರಾಗಳೂ ಇವೆ, ಆದರೆ ಅವು ಗಡಿಯಾರ ನೋಡಿ ನಿಲ್ಲುವುದಿಲ್ಲ.

ಲೈವ್‌ಗೆ ಹೇಗೂ ಈ ಮಿತಿ ತಾಗುವುದಿಲ್ಲ, ಏಕೆಂದರೆ ನಮಗೆ ಬೇಕಿರುವುದು ಎಚ್‌ಡಿಎಂಐ ಕಿಂಡಿಯಿಂದ ಬರುವ ಚಿತ್ರ. ಕೊಳ್ಳುವ ಮೊದಲು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕ್ಲೀನ್ ಎಚ್‌ಡಿಎಂಐ ಔಟ್ ಇದೆಯೇ? ಇಲ್ಲದಿದ್ದರೆ ಬ್ಯಾಟರಿ ಚಿಹ್ನೆ, ಫೋಕಸ್ ಚೌಕ ಎಲ್ಲವೂ ಮದುಮಗಳ ಮುಖದ ಮೇಲೆಯೇ ಪ್ರಸಾರವಾಗುತ್ತವೆ. ಬ್ಯಾಟರಿ ಜಾಗಕ್ಕೆ ಕೂರುವ, ಕರೆಂಟಿಗೆ ಜೋಡಿಸುವ ಡಮ್ಮಿ ಬ್ಯಾಟರಿಯೂ ಬೇಕು.

ಮಂಟಪದ ದೀಪಗಳ ಕೆಳಗೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಓಡುತ್ತಿದ್ದರೆ ಕ್ಯಾಮೆರಾವನ್ನು ದೂರಬೇಡಿ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್. ಹಾಗಾಗಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ತಿಳಿಯುವುದಿಲ್ಲ ಅಷ್ಟೆ. ಅಮೆರಿಕದ 60 ಹರ್ಟ್ಸ್‌ಗೆ ಹೊಂದುವ ಎನ್‌ಟಿಎಸ್‌ಸಿ ಸೆಟ್ಟಿಂಗಿನಲ್ಲಿ, 1/60 ಶಟರ್‌ನಲ್ಲಿ ಕ್ಯಾಮೆರಾ ಇದ್ದರೆ ತಾಳ ತಪ್ಪುತ್ತದೆ. ಪಾಲ್ ಸೆಟ್ಟಿಂಗ್, 25 ಅಥವಾ 50 ಫ್ರೇಮ್, ಶಟರ್ 1/50 ಇಲ್ಲವೇ 1/100. ಖರ್ಚು ಸೊನ್ನೆ.

ಕೇಬಲ್ ಬಗ್ಗೆ ಎರಡೇ ಮಾತು. ಎಚ್‌ಡಿಎಂಐ ಮನೆಯ ಟಿವಿಗೆಂದು ಹುಟ್ಟಿದ್ದು. ಉದ್ದ ಹೆಚ್ಚಿದಷ್ಟೂ ನಂಬಿಕೆ ಕಡಿಮೆ, ಮೇಲಾಗಿ ಯಾರಾದರೂ ಎಡವಿದರೆ ಕಳಚಿ ಬೀಳುತ್ತದೆ. ದೊಡ್ಡ ಸಭಾಂಗಣದಲ್ಲಿ ವೃತ್ತಿಯವರು ಎಸ್‌ಡಿಐ ಕೇಬಲ್ ಬಳಸುವುದು ಶೋಕಿಗಲ್ಲ. ಅದು ತಿರುಗಿಸಿದರೆ ಬೀಗದಂತೆ ಕೂರುತ್ತದೆ, ಒಳ್ಳೆಯ ಕೇಬಲ್ ಆದರೆ 1080ಪಿ ಚಿತ್ರವನ್ನು ನೂರು ಮೀಟರಿನ ಆಸುಪಾಸಿಗೆ ಒಯ್ಯುತ್ತದೆ.

ದನಿ ಕೆಟ್ಟರೆ ಎದ್ದು ಹೋಗುತ್ತಾರೆ

ಸಂವಹನ ಓದಿದವಳಾಗಿ ನನಗೆ ಬಲವಾಗಿ ಅನ್ನಿಸಿರುವುದು ಇದು: ಚಿತ್ರ ಸ್ವಲ್ಪ ಮಸಕಾದರೆ ಜನ ಸಹಿಸುತ್ತಾರೆ, ದನಿ ಕೆಟ್ಟರೆ ಸಹಿಸುವುದಿಲ್ಲ. ಆದರೂ ಬಜೆಟ್ ಹಾಕುವಾಗ ಕ್ಯಾಮೆರಾಗೆ ಲಕ್ಷ, ದನಿಗೆ ಒಂದು ವೈರು.

ಆ ಒಂದು ವೈರೂ ತಪ್ಪಾಗಿರುತ್ತದೆ. ಮೈಕ್‌ಸೆಟ್‌ನವರ ಮಿಕ್ಸರ್‌ನಿಂದ ಬರುವುದು ಲೈನ್ ಸಿಗ್ನಲ್, ಸುಮಾರು ಒಂದು ವೋಲ್ಟ್ ಆಸುಪಾಸು. ಕ್ಯಾಮೆರಾದ ಮೈಕ್ ಕಿಂಡಿ ಕಾಯುತ್ತಿರುವುದು ಕೆಲವೇ ಮಿಲಿವೋಲ್ಟ್. ನೂರಾರು ಪಟ್ಟು ಜಾಸ್ತಿ ನುಗ್ಗಿದರೆ ಪುರೋಹಿತರ ಮಂತ್ರ ಒಡೆದ ತಗಡಿನ ಸದ್ದಾಗುತ್ತದೆ. ಕ್ಯಾಮೆರಾ ಮೆನುವಿನಲ್ಲಿ ಲೈನ್ ಇನ್‌ಪುಟ್ ಇದ್ದರೆ ಅದನ್ನು ಆರಿಸಬೇಕು. ಇಲ್ಲದಿದ್ದರೆ ಮಟ್ಟ ತಗ್ಗಿಸುವ ಅಟೆನ್ಯುಯೇಟರ್ ಕೇಬಲ್, ಅಥವಾ ಲ್ಯಾಪ್‌ಟಾಪ್‌ಗೆ ಒಂದು ಸಣ್ಣ ಆಡಿಯೊ ಇಂಟರ್‌ಫೇಸ್ ಬೇಕು. ಸತತ ‘ಹೂಂ’ ಎಂಬ ಗುಂಯ್ಗುಡುವಿಕೆ ಬಂದರೆ ಮಿಕ್ಸರ್ ಮತ್ತು ಲ್ಯಾಪ್‌ಟಾಪ್ ಬೇರೆ ಬೇರೆ ಪ್ಲಗ್ಗಿನಿಂದ ಕರೆಂಟ್ ಪಡೆಯುತ್ತಿವೆಯೇ ನೋಡಿ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಅದು ಹೋಗುತ್ತದೆ. ಹೋಗದಿದ್ದರೆ ಐಸೊಲೇಟರ್ ಎಂಬ ಸಣ್ಣ ಡಬ್ಬಿ ಸಿಗುತ್ತದೆ. ಅರ್ಥಿಂಗ್ ಪಿನ್ ಕಿತ್ತು ಹಾಕಿ ಎಂಬ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಶಾಕ್ ಹೊಡೆದರೆ ಜೀವಕ್ಕೇ ಅಪಾಯ.

ಇನ್ನೊಂದು ಸೂಕ್ಷ್ಮ ಇದೆ. ಮಿಕ್ಸರ್‌ನಲ್ಲಿ ಇರುವುದು ಮೈಕ್ ಇಟ್ಟ ದನಿ ಮಾತ್ರ. ಮಂಟಪದಲ್ಲಿ ವಾಲಗಕ್ಕೆ ಯಾರೂ ಮೈಕ್ ಇಡುವುದಿಲ್ಲ, ಅದರ ಸದ್ದೇ ಸಾಕು. ಅಲ್ಲಿ ಕುಳಿತವರಿಗೆ ಗಟ್ಟಿಮೇಳ ಕಿವಿಗಡಚಿಕ್ಕುತ್ತಿದ್ದರೆ ಲೈವ್ ನೋಡುವವರಿಗೆ ಮಂತ್ರ ಮಾತ್ರ ಕೇಳುತ್ತದೆ. ಯಕ್ಷಗಾನದಲ್ಲೂ ಹೀಗೆಯೇ: ಭಾಗವತರ ಪದ ಸ್ಪಷ್ಟ, ಗೆಜ್ಜೆಯ ಸದ್ದು ನಾಪತ್ತೆ. ಮಿಕ್ಸರ್ ಫೀಡ್ ಜೊತೆಗೆ ಸಭೆಯ ಸದ್ದು ಹಿಡಿಯುವ ಇನ್ನೊಂದು ಮೈಕ್ ಇಟ್ಟು ಎರಡನ್ನೂ ಬೆರೆಸಬೇಕು.

ತುಟಿ ಮತ್ತು ಮಾತು ಬೇರೆಯಾಗುವುದಕ್ಕೂ ಕಾರಣ ಸರಳ. ಚಿತ್ರ ಕ್ಯಾಮೆರಾ, ಸ್ವಿಚರ್, ಕಾರ್ಡ್ ಎಲ್ಲ ದಾಟಿ ಬರುವಾಗ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ತಡವಾಗುತ್ತದೆ, ಮಿಕ್ಸರ್ ದನಿ ಮಾತ್ರ ಥಟ್ಟನೆ ತಲುಪುತ್ತದೆ. ದನಿ ಸ್ವಲ್ಪ ತಡವಾದರೆ ಮನುಷ್ಯರಿಗೆ ಅಭ್ಯಾಸವಿದೆ. ದೂರದಲ್ಲಿ ಬಟ್ಟೆ ಒಗೆಯುವವರನ್ನು ನೋಡಿ, ಕೈ ಬಿದ್ದ ಮೇಲೆ ಸದ್ದು ಬರುತ್ತದೆ. ದನಿ ಮೊದಲು ಬರುವುದು ಪ್ರಕೃತಿಯಲ್ಲಿ ಇಲ್ಲವಾದ್ದರಿಂದ ಅದು ಬೇಗ ಚುಚ್ಚುತ್ತದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ದನಿ 45 ಮಿಲಿಸೆಕೆಂಡ್ ಮುಂಚೆ ಬಂದರೇ ಜನರಿಗೆ ಗೊತ್ತಾಗುತ್ತದೆ, ತಡವಾಗಿ ಬಂದರೆ 125 ಮಿಲಿಸೆಕೆಂಡ್‌ವರೆಗೂ ಗೊತ್ತಾಗುವುದಿಲ್ಲ. ಕ್ಯಾಮೆರಾ ಮುಂದೆ ಒಬ್ಬರು ಚಪ್ಪಾಳೆ ಹೊಡೆಯಲಿ, ಅದನ್ನು ರೆಕಾರ್ಡ್ ಮಾಡಿ, ಓಬಿಎಸ್‌ನಲ್ಲಿ ಸಿಂಕ್ ಆಫ್‌ಸೆಟ್ ಸಂಖ್ಯೆಯನ್ನು ಹೊಂದಿಸಿ. ಐದು ನಿಮಿಷದ ಕೆಲಸ.

ಸ್ಪೀಡ್ ಟೆಸ್ಟ್‌ನಲ್ಲಿ ಯಾವ ಸಂಖ್ಯೆ ನೋಡಬೇಕು?

‘ನಮ್ಮ ಛತ್ರದಲ್ಲಿ 100 ಎಂಬಿಪಿಎಸ್ ಇದೆ’ ಎಂದು ಹೇಳುವವರು ಹೆಚ್ಚಾಗಿ ಡೌನ್‌ಲೋಡ್ ಬಗ್ಗೆ ಹೇಳುತ್ತಿರುತ್ತಾರೆ. ಲೈವ್ ಮಾಡುವವರಿಗೆ ಬೇಕಿರುವುದು ಅಪ್‌ಲೋಡ್. ಮೊಬೈಲ್ ಜಾಲದಲ್ಲಿ ಇದು ಡೌನ್‌ಲೋಡ್‌ಗಿಂತ ಸಾಮಾನ್ಯವಾಗಿ ಬಹಳ ಕಡಿಮೆ. 5 ಎಂಬಿಪಿಎಸ್‌ನಲ್ಲಿ ಸ್ಟ್ರೀಮ್ ಮಾಡುವುದಾದರೆ ಸ್ಥಿರವಾಗಿ ಅದರ ಎರಡರಷ್ಟು ಅಪ್‌ಲೋಡ್ ಇರಲಿ.

ಪರೀಕ್ಷೆ ಮಾಡುವ ಹೊತ್ತೂ ಮುಖ್ಯ. ಹಿಂದಿನ ದಿನ ಸಂಜೆ ಖಾಲಿ ಛತ್ರದಲ್ಲಿ ಮೊಬೈಲ್ ಸಿಗ್ನಲ್ ಚೆನ್ನಾಗಿಯೇ ಇರುತ್ತದೆ. ಮರುದಿನ ಐನೂರು ಮಂದಿ ಬಂದು, ಎಲ್ಲರ ಫೋನೂ ಅದೇ ಟವರಿಗೆ ಅಂಟಿಕೊಂಡು, ಮುಹೂರ್ತದ ಹೊತ್ತಿಗೆ ಎಲ್ಲರೂ ಸ್ಟೇಟಸ್‌ಗೆ ವಿಡಿಯೊ ಹಾಕತೊಡಗಿದಾಗ ಏನಾಗುತ್ತದೆ? ನಿಮ್ಮ ಸ್ಟ್ರೀಮಿಗೆ ಅತಿ ಹೆಚ್ಚು ಬ್ಯಾಂಡ್‌ವಿಡ್ತ್ ಬೇಕಾದ ಗಳಿಗೆಯೂ ಟವರ್ ಅತಿ ಹೆಚ್ಚು ಬಳಲುವ ಗಳಿಗೆಯೂ ಒಂದೇ. ಫೈಬರ್ ಸಂಪರ್ಕ ಇದ್ದರೆ ಅದನ್ನೇ ಹಿಡಿಯಿರಿ, ಅದೂ ವೈಫೈ ಬೇಡ, ಕೇಬಲ್ ಎಳೆಯಿರಿ. ಛತ್ರದ ವೈಫೈ ಪಾಸ್‌ವರ್ಡ್ ಅಡುಗೆಯವರಿಂದ ಹಿಡಿದು ಬೀಗರವರೆಗೆ ಎಲ್ಲರ ಬಳಿ ಇರುತ್ತದೆ.

ಎರಡು ಸಿಮ್ ಇರುವ ಫೋನಿನಲ್ಲಿ ವೇಗ ಎರಡರಷ್ಟಾಗುತ್ತದೆ ಎಂಬುದೂ ಒಂದು ಫಾರ್ವರ್ಡ್. ಆಗುವುದಿಲ್ಲ. ಸಾಮಾನ್ಯ ಫೋನ್ ಒಂದು ಹೊತ್ತಿಗೆ ಒಂದು ಸಿಮ್‌ನ ಡೇಟಾ ಮಾತ್ರ ಬಳಸುತ್ತದೆ. ಹಲವು ಸಿಮ್‌ಗಳ ಡೇಟಾವನ್ನು ನಿಜಕ್ಕೂ ಒಟ್ಟುಗೂಡಿಸುವುದಕ್ಕೆ ಬಾಂಡಿಂಗ್ ಎನ್ನುತ್ತಾರೆ. ಅದಕ್ಕೆ ಬೇರೆ ಸಾಧನ ಬೇಕು, ಆ ಕಡೆ ತುಂಡುಗಳನ್ನು ಮತ್ತೆ ಜೋಡಿಸುವ ಸರ್ವರ್ ಕೂಡ ಬೇಕು. ಸುದ್ದಿವಾಹಿನಿಯ ವರದಿಗಾರರ ಬೆನ್ನಿನ ಚೀಲದಲ್ಲಿ ಇರುವುದು ಇದೇ.

ಡೇಟಾ ಲೆಕ್ಕವನ್ನೂ ಹಾಕಿಕೊಳ್ಳಿ. 5 ಎಂಬಿಪಿಎಸ್ ಎಂದರೆ ಗಂಟೆಗೆ 2.25 ಜಿಬಿ. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದರೆ 53 ನಿಮಿಷಕ್ಕೆ ಖಾಲಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಬಯಲಾಟಕ್ಕೆ 20 ಜಿಬಿಗಿಂತ ಹೆಚ್ಚು. 4ಕೆಯಲ್ಲಿ ಕಳಿಸುತ್ತೇನೆಂದರೆ ಇದರ ಎಷ್ಟೋ ಪಟ್ಟು.

ಕರೆಂಟ್ ಹೋಗಿ ಜನರೇಟರ್ ಶುರುವಾಗುವ ಆ ಹತ್ತು ಸೆಕೆಂಡುಗಳಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕುಳಿಯುತ್ತದೆ. ರೂಟರ್ ಸಾಯುತ್ತದೆ, ಮತ್ತೆ ಎದ್ದು ಕೂರಲು ಒಂದೆರಡು ನಿಮಿಷ ಬೇಕು. ರೂಟರ್‌ಗೆಂದೇ ಬರುವ ಚಿಕ್ಕ ಯುಪಿಎಸ್ ನನ್ನ ಪಟ್ಟಿಯಲ್ಲಿ ಕ್ಯಾಪ್ಚರ್ ಕಾರ್ಡ್‌ಗಿಂತ ಮೊದಲು ಬರುತ್ತದೆ. ಸ್ಟ್ರೀಮ್ ಏನೇ ಆಗಲಿ, ಕ್ಯಾಮೆರಾದ ಮೆಮೊರಿ ಕಾರ್ಡ್‌ನಲ್ಲಿ ಅಥವಾ ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡಿಂಗ್ ಓಡುತ್ತಲೇ ಇರಲಿ.

‘ಲೈವ್ ಅಂದಮೇಲೆ ತಡ ಯಾಕೆ? ಇದು ನಕಲಿ ಲೈವ್’

ಫೋನಿನಲ್ಲಿ ‘ತಾಳಿ ಕಟ್ಟಿ ಆಯ್ತು’ ಎಂದು ಅಕ್ಕ ಹೇಳುವಾಗ ಯೂಟ್ಯೂಬ್‌ನಲ್ಲಿ ಇನ್ನೂ ಅಂತರಪಟ ಹಿಡಿದಿರುತ್ತಾರೆ. ಇದರಲ್ಲಿ ಮೋಸವಿಲ್ಲ. ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಬೇರೆ ಬೇರೆ ಗಾತ್ರಕ್ಕೆ ಪರಿವರ್ತಿಸಿ, ನೋಡುವವರ ಫೋನಿನಲ್ಲಿ ಸ್ವಲ್ಪ ದಾಸ್ತಾನು ಮಾಡಿಯೇ ತೋರಿಸಲಾಗುತ್ತದೆ. ದಾಸ್ತಾನು ಹೆಚ್ಚಿದಷ್ಟೂ ಚಿತ್ರ ತಡವರಿಸುವುದು ಕಡಿಮೆ. ಎರಡು ಕಡೆಯೂ ಮಾತಾಡಬೇಕಿದ್ದರೆ ಝೂಮ್ ಅಥವಾ ಗೂಗಲ್ ಮೀಟ್ ಬಳಸಿ, ಬರೀ ನೋಡುವುದಕ್ಕೆ ಈ ತಡ ಒಳ್ಳೆಯದೇ.

ಕೀಲಿ ಯಾರ ಕೈಯಲ್ಲಿದೆ?

2023ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ವಿಡಿಯೊ ಕಾನ್ಫರೆನ್ಸ್ ಕಲಾಪದೊಳಗೆ ಯಾರೋ ನುಗ್ಗಿ ಅಶ್ಲೀಲ ದೃಶ್ಯಗಳನ್ನು ತೋರಿಸಿದರು. ಹೈಕೋರ್ಟ್ ವಿಡಿಯೊ ಕಾನ್ಫರೆನ್ಸ್ ಮತ್ತು ನೇರಪ್ರಸಾರ ಎರಡನ್ನೂ ಕೆಲಕಾಲ ನಿಲ್ಲಿಸಬೇಕಾಯಿತು. ಅಲ್ಲಿ ಕ್ಯಾಮೆರಾ, ಕೇಬಲ್ ಏನೂ ಕೆಟ್ಟಿರಲಿಲ್ಲ. ಬಾಗಿಲು ತೆರೆದಿತ್ತು.

ನಿಮ್ಮ ಲೈವ್‌ಗೂ ಇಂಥ ಬಾಗಿಲುಗಳಿವೆ. ಯೂಟ್ಯೂಬ್ ಕೊಡುವ ಸ್ಟ್ರೀಮ್ ಕೀ ಯಾರ ಕೈಗೆ ಸಿಕ್ಕಿದರೂ ಅವರು ನಿಮ್ಮ ಚಾನೆಲ್‌ಗೆ ತಮಗಿಷ್ಟ ಬಂದದ್ದನ್ನು ಕಳಿಸಬಹುದು. ಓಬಿಎಸ್ ಸೆಟ್ಟಿಂಗ್‌ನ ಸ್ಕ್ರೀನ್‌ಶಾಟ್ ತೆಗೆದು ‘ಅಣ್ಣಾ ಸರಿ ಇದೆಯಾ ನೋಡಿ’ ಎಂದು ಗ್ರೂಪಿಗೆ ಹಾಕುವ ಮೊದಲು ಕೀ ಕಾಣುತ್ತಿದೆಯೇ ನೋಡಿಕೊಳ್ಳಿ. ಕಂಡಿದ್ದರೆ ಕೂಡಲೇ ಯೂಟ್ಯೂಬ್ ಸ್ಟುಡಿಯೊದಲ್ಲಿ ರೀಸೆಟ್ ಮಾಡಿ. ಇನ್ನು ‘ಅನ್‌ಲಿಸ್ಟೆಡ್’ ಲಿಂಕ್ ಖಾಸಗಿ ಎಂಬ ತಿಳಿವಳಿಕೆ ತಪ್ಪು. ಅದು ಹುಡುಕಾಟದಲ್ಲಿ ಸಿಗುವುದಿಲ್ಲ ಅಷ್ಟೆ, ಲಿಂಕ್ ಫಾರ್ವರ್ಡ್ ಆದರೆ ಯಾರು ಬೇಕಾದರೂ ನೋಡಬಹುದು. ಸಾವಿನ ಮನೆಯ ಪ್ರಸಾರವಾದರೆ ಇದನ್ನು ಮನೆಯವರಿಗೆ ಮೊದಲೇ ಹೇಳುವುದು ಸ್ಟುಡಿಯೊದವರ ಕರ್ತವ್ಯ.

ಸಿನಿಮಾ ಹಾಡು ಹಾಕಿದರೆ ಯೂಟ್ಯೂಬ್‌ನ ಸ್ವಯಂಚಾಲಿತ ವ್ಯವಸ್ಥೆ ಅದನ್ನು ಗುರುತಿಸಿ ಪ್ರಸಾರವನ್ನೇ ತಡೆಯಬಹುದು. ಹಿನ್ನೆಲೆ ಹಾಡನ್ನು ಸ್ಟ್ರೀಮಿಗೆ ಹೋಗುವ ಫೀಡ್‌ನಿಂದ ತೆಗೆಯಲು ಮೈಕ್‌ಸೆಟ್‌ನವರಿಗೆ ಬೆಳಿಗ್ಗೆಯೇ ಹೇಳಿಡಿ.

ಹೊಸ ಚಾನೆಲ್‌ನಲ್ಲಿ ಲೈವ್ ಸೌಲಭ್ಯವನ್ನು ಮೊದಲ ಬಾರಿ ಚಾಲೂ ಮಾಡಿದರೆ ಅದು ಸಿಗಲು 24 ಗಂಟೆಯವರೆಗೆ ಕಾಯಬೇಕಾಗುತ್ತದೆ. ಮೊಬೈಲಿನಿಂದಲೇ ಲೈವ್ ಹೋಗುವುದಾದರೆ ಕನಿಷ್ಠ 50 ಚಂದಾದಾರರೂ ಬೇಕು. ಮುಹೂರ್ತ ಭಾನುವಾರ ಬೆಳಿಗ್ಗೆ ಇದ್ದರೆ ಆ ಗುಂಡಿಯನ್ನು ಶುಕ್ರವಾರವೇ ಒತ್ತಿಡಿ.